ಗೌರತ್ತೆ ಎಸೆದ ತೆಂಗಿನಕಾಯಿ

ಗೌರತ್ತೆ ಸಮುದ್ರಕ್ಕೆ ಬೆನ್ನು ಹಾಕಿ ನಿಂತದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ನಮ್ಮನ್ನು ಬೈಯುವಾಗಲೂ ಅಡ್ಡಕ್ಕೆ ನಿಂತು, ಒಂದು ಕಣ್ಣು ನೀರಿನ ಮೇಲೆ ಇಟ್ಟುಕೊಂಡೇ ಬೈಯುತ್ತಿದ್ದಳು. ಸೆರಗನ್ನು ಸೊಂಟಕ್ಕೆ ಬಿಗಿದು, ಕಂಕುಳಲ್ಲಿ ಸುಲಿಯದ ತೆಂಗಿನಕಾಯಿಯೊಂದನ್ನು ಇರುಕಿಕೊಂಡು ಅವಳು ಮರಳಿನ ಮೇಲೆ ನಿಂತರೆ, ನಮ್ಮ ಮನೆಯ ಗಂಡಸರು ಹೆಗಲಿನ ಟವೆಲ್ ಇಳಿಸಲಿಕ್ಕೂ ಹಿಂದೆಮುಂದೆ ನೋಡುತ್ತಿದ್ದರು.

ಅವಳು ನನ್ನ ಅಪ್ಪನ ಅಕ್ಕ. ಹುಟ್ಟಿದ್ದು ಹಳೇಬೀಡಿನಲ್ಲಿ, ಕೊಟ್ಟಿದ್ದು ಅರಸೀಕೆರೆಯ ಕೊಬ್ಬರಿ ವ್ಯಾಪಾರಸ್ಥರ ಮನೆಗೆ. ಹಳೇಬೀಡಿನ ಕೆರೆಯಲ್ಲಿ ತಮ್ಮಂದಿರ ಜೊತೆ ಬಿದ್ದು ಎದ್ದು ಈಜು ಕಲಿತವಳು. ಅವಳ ಗಂಡ, ನಮ್ಮ ಮಾವನಿಗೆ ನೀರೆಂದರೆ ಭಯ. ತವರಿಗೆ ಬಂದಾಗಲೆಲ್ಲ ಅವರನ್ನು ಕೆರೆಗೆ ಇಳಿಸಿ ತಾನೇ ಈಜು ಕಲಿಸಿದಳು. ಹೆಂಡತಿಯ ಕೈಯಲ್ಲಿ ಈಜು ಕಲಿತ ಅಳಿಯ ಎಂದು ಊರು ನಕ್ಕಿತಂತೆ. ಮಾವನೂ ಜೊತೆಗೆ ನಕ್ಕರಂತೆ.

ಆ ಮಾವ, ನಾನು ಹೈಸ್ಕೂಲಿನಲ್ಲಿದ್ದಾಗ, ಸಮುದ್ರದ ಪಾಲಾದರು. ಘಟ್ಟ ಇಳಿದ ಮೇಲೆ, ಕಾಡು ಮರಳಿನ ಅಂಚಿನವರೆಗೂ ಬಂದು ನಿಲ್ಲುವ ಒಂದು ತೀರ. ಅಂಗಡಿಯಿಲ್ಲ, ಕಾವಲಿನವರಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಎಡಕ್ಕೂ ಬಲಕ್ಕೂ ಅಲೆಗಳು ಮುರಿದು ಬೀಳುತ್ತಿದ್ದವು. ನಡುವೆ ಒಂದಿಷ್ಟಗಲ ನೀರು ಮಾತ್ರ ನಮ್ಮೂರಿನ ಕೆರೆಯಂತೆ ಸುಮ್ಮನಿತ್ತು. ಕೆರೆಯಲ್ಲಿ ಈಜು ಕಲಿತವರಿಗೆ ಅದೇ ಒಳ್ಳೆಯ ಜಾಗವೆನ್ನಿಸಿತು. ಮಾವ ಅಲ್ಲೇ ಇಳಿದರು. ದಡಕ್ಕೆ ಬಂದ ನೀರೆಲ್ಲ ವಾಪಸ್ ಹೋಗುವ ದಾರಿ ಅದು, ಅದಕ್ಕೇ ಅಲ್ಲಿ ಅಲೆ ಮುರಿಯುವುದಿಲ್ಲ ಎಂದು ಅಲ್ಲಿನ ಮೀನುಗಾರರು ನಮಗೆ ತಿಳಿಸಿದ್ದು ಹೆಣ ಸಿಕ್ಕ ಮೇಲೆ.

ಬೇರೆಯವರಾಗಿದ್ದರೆ ಸಮುದ್ರದ ಹೆಸರೆತ್ತುತ್ತಿರಲಿಲ್ಲ. ಗೌರತ್ತೆ ಮಾರನೆಯ ವರ್ಷವೇ ಮನೆಯ ಮಕ್ಕಳನ್ನೆಲ್ಲ ಟೆಂಪೊದಲ್ಲಿ ತುಂಬಿಕೊಂಡು ಹೊರಟಳು. ಅಡ್ಡ ಬಂದ ಅಪ್ಪನಿಗೂ ಸರಿಯಾಗಿ ಬಿತ್ತು. “ಬ್ಯಾಡ ಅಂದ್ರೆ ಬಿಟ್ಬಿಡ್ತಾವೇನೋ ಈ ಮುಂಡೇವು? ಕದ್ದು ಹೋಯ್ತವೆ. ಎಲ್ಲೋ ಹೋಗಿ ಸಾಯೋ ಬದ್ಲು ನನ್ ಕಣ್ಮುಂದೆ ಇಳೀಲಿ.”

ಮಳೆಗಾಲ ಪೂರ್ತಿ ಕಳೆಯದೆ ಅವಳು ಟೆಂಪೊ ಹತ್ತುತ್ತಿರಲಿಲ್ಲ. ತೀರ ಮುಟ್ಟಿದೊಡನೆ ಸ್ಟವ್ ಹಚ್ಚಿ ಟೀಗೆ ಇಡುತ್ತಿದ್ದಳು. ಟೀ ಕುಡಿದು ಲೋಟ ತೊಳೆದಿಡುವ ತನಕ ಯಾರೂ ಕಾಲು ಒದ್ದೆ ಮಾಡುವಂತಿಲ್ಲ, ಕೂತು ನೀರು ನೋಡಬೇಕು. ಅಷ್ಟರಲ್ಲಿ ಅವಳು ಬಲೆ ಬಿಡಿಸುತ್ತಿದ್ದವರನ್ನು ಹುಡುಕಿಕೊಂಡು ಹೋಗಿ ಅವತ್ತಿನ ಸೆಳೆತ ಹೇಗಿದೆಯೆಂದು ಕೇಳಿ ಬರುತ್ತಿದ್ದಳು. ಕಾಡಿನ ಹಳ್ಳ ಬಂದು ಸಮುದ್ರ ಸೇರುವ ಜಾಗದ ಹತ್ತಿರ ಸುಳಿಯಲೂ ಬಿಡುತ್ತಿರಲಿಲ್ಲ. “ಮ್ಯಾಲೆ ಘಟ್ಟದಾಗೆ ಮಳೆ ಹುಯ್ದಿದ್ರೆ, ಇಲ್ಲಿ ಬಿಸ್ಲಲ್ಲಿ ಕುಂತೋರ್ಗೆ ಗೊತ್ತಾಯ್ತದಾ?”

ಆಮೇಲೆ ಕಂಕುಳಿನ ಕಾಯಿಯನ್ನು ಅಲೆ ಮುರಿಯದೆ ಸುಮ್ಮನಿದ್ದ ನೀರಿಗೆ ಎಸೆಯುತ್ತಿದ್ದಳು. ಮೊದಲ ಸಲ ಗಂಗಮ್ಮನಿಗೆ ಒಪ್ಪಿಸಿದಳೆಂದುಕೊಂಡು ನಾವೆಲ್ಲ ಕಣ್ಣು ಮುಚ್ಚಿ ಕೈ ಮುಗಿದೆವು.

“ಪೂಜೆ ಅಲ್ಲ ಕಣ್ರೋ! ಕಣ್ ಬಿಡ್ರಿ! ಎತ್ತಾಗ್ ಹೋಯ್ತದೆ ನೋಡ್ರಿ!”

ಕಾಯಿ ದಡದ ಕಡೆ ಬರಲಿಲ್ಲ. ನಾವು ನೋಡುತ್ತಿದ್ದಂತೆಯೇ ಒಳಕ್ಕೆ ಒಳಕ್ಕೆ ಹೋಗಿ ಕಾಣದಾಯಿತು. “ಹಿಂಗೆ ಎಳ್ಕೊಂಡ್ರೆ ದಡಕ್ಕೆ ಅಂತ ಒದ್ದಾಡ್ಬ್ಯಾಡ್ರಿ, ಸುಸ್ತಾಗಿ ಸಾಯ್ತೀರ. ಅಡ್ಡಕ್ಕೆ ಈಜಿ, ಅಲೆ ಇರೋ ಕಡೀಕೆ ಬನ್ನಿ” ಎಂದಳು. ಇಷ್ಟು ಹೇಳಿಯೂ ನಮ್ಮನ್ನು ಮೊಣಕಾಲಿನಾಚೆ ಬಿಡಲಿಲ್ಲ.

ಚಿಕ್ಕಪ್ಪನ ಅಳಿಯ ಸತೀಶನಿಗೆ ಇದೆಲ್ಲ ತಮಾಷೆ. ಒಂದು ವರ್ಷ ಫೋನಿನಲ್ಲಿ ಹುಡುಕಿ, ಯಾರೂ ಕಾಲಿಡದ ತೀರವೆಂದು ಅವನೇ ಒಂದು ಕಡೆಗೆ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಬಿಯರ್ ಕುಡಿದಿದ್ದ. “ನೋಡಿ ಅತ್ತೆ, ಒಂದು ನರಪಿಳ್ಳೆ ಇಲ್ಲ. ಸ್ವರ್ಗ!” ಎಂದ.

“ಒಬ್ರೂ ಇಲ್ಲ ಅಂತ ಕುಣೀತಿಯಲ್ಲ, ಮುಳುಗಿದ್ರೆ ಎತ್ತೋಕೂ ಒಬ್ರಿಲ್ಲ. ಕುತ್ಕಳಲಾ!” ಎಂದು ಅತ್ತೆ ಅವನ ಅಂಗಿ ಹಿಡಿದಳು.

ಅವನು ಕೈ ಕೊಸರಿಕೊಂಡು, “ನಿಮ್ಮ ಯಜಮಾನ್ರಿಗೆ ಸರಿಯಾಗಿ ಈಜು ಬರ್ತಿರ್ಲಿಲ್ಲ. ಅದಕ್ಕೆ ನಾವ್ಯಾಕೆ ಟೀ ಕುಡೀತಾ ಕೂರ್ಬೇಕು?” ಅಂದ.

ಅಷ್ಟು ಜನ ಇದ್ದರು. ಒಬ್ಬರೂ ಅವನ ಬಾಯಿ ಮುಚ್ಚಿಸಲಿಲ್ಲ. ಮನೆಯ ಅಳಿಯ ನೋಡಿ, ಬೇಜಾರು ಮಾಡಿಕೊಂಡುಬಿಟ್ಟಾನು! ಅತ್ತೆ ಕಾಯಿ ಎಸೆದಳು. ಅದು ಹೋದ ವೇಗ ನೋಡಿ ಅವನು ಬಂದು ಕೂತ. ಆದರೆ ಆಮೇಲೆ ಪ್ರತಿ ಮದುವೆ ಊಟದ ಪಂಕ್ತಿಯಲ್ಲೂ ಅವಳ ದನಿ ಅಣಕಿಸಿ ನಗಿಸಿದ. ನಕ್ಕವರ ಮುಖಗಳೆಲ್ಲ ನನಗೆ ನೆನಪಿವೆ. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಹೋದ ವರ್ಷ ಅತ್ತೆ ಹಾಸಿಗೆ ಹಿಡಿದಳು. ಕೊನೆಯ ಸಲ ನೋಡಲು ಅರಸೀಕೆರೆಗೆ ಹೋದಾಗ ಅವಳ ಬಾಯಲ್ಲಿ ಒಂದು ಬೈಗುಳವೂ ಇರಲಿಲ್ಲ. ಅದನ್ನು ಕಂಡೇ ನನಗೆ ಹೆದರಿಕೆಯಾಯಿತು. ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದಳು: “ನೀರು ಅಲುಗದ ಕಡೆ ಇಳೀರಿ ಅಂತ ಕೆರೇಲಿ ನಾನೇ ಹೇಳ್ಕೊಟ್ಟಿದ್ದೆ ಕಣೇ. ಅವ್ರು ನಾ ಹೇಳ್ದಂಗೇ ಮಾಡಿದ್ರು.”

ಇಷ್ಟು ವರ್ಷ ಅವಳ ಸಿಟ್ಟೆಲ್ಲ ನಮ್ಮ ಮೇಲೆ ಎಂದುಕೊಂಡಿದ್ದೆ.

ಅವಳಿಲ್ಲದ ಮೊದಲ ಪ್ರವಾಸಕ್ಕೆ ಸತೀಶ ಮನೆಯವರ ಗ್ರೂಪಿನಲ್ಲಿ ಹಾಕಿದ: “ಈ ಸಲ ಟೀ ಇಲ್ಲ, ಲೆಕ್ಚರ್ ಇಲ್ಲ, ಡೈರೆಕ್ಟ್ ನೀರಿಗೆ.” ಕೆಳಗೆ ಸಾಲಾಗಿ ನಗುವ ಮುಖಗಳು. ನಾನು ಹಲ್ಲು ಕಚ್ಚಿಕೊಂಡು, ಬ್ಯಾಗಿನಲ್ಲಿ ಸುಲಿಯದ ಕಾಯಿಯೊಂದನ್ನು ಹಾಕಿಕೊಂಡು ಹೊರಟೆ.

ಟೆಂಪೊ ನಿಂತದ್ದೇ ತಡ, ಅವನು ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅಲೆಯಿಲ್ಲದ ಕಡೆಗೆ ನಡೆದ. ಪಾದ ಮುಳುಗುವಷ್ಟು ನೀರಿಗೆ ಇಳಿದೂ ಆಗಿತ್ತು. ನಾನು ಓಡಿಹೋಗಿ ಅವನ ಮುಂದಕ್ಕೆ ಕಾಯಿ ಎಸೆದೆ. ಹಿಂದೆ ಯಾರೋ, “ಪಾಪ, ಅತ್ತೆ ಹೆಸ್ರಲ್ಲಿ ಪೂಜೆ” ಎಂದರು. ತಿರುಗಿದರೆ ಎಲ್ಲರೂ ಕೈ ಮುಗಿದು ನಿಂತಿದ್ದಾರೆ.

“ಪೂಜೆ ಅಲ್ಲ ಕಣ್ರೋ!” ಎಂದು ಕಿರುಚಿದೆ. “ಕಣ್ ಬಿಡ್ರಿ!”

ಕಾಯಿ ಸರಸರನೆ ಒಳಕ್ಕೆ ಹೋಯಿತು. ಹೆಗಲ ಮೇಲಿದ್ದ ಮಗು ಅದು ಕಾಣದಾಗುವವರೆಗೂ ಬೆರಳು ತೋರಿಸುತ್ತಲೇ ಇತ್ತು. ಸತೀಶ ಹಿಂದೆ ಹಿಂದೆ ಹೆಜ್ಜೆಯಿಟ್ಟು ದಡಕ್ಕೆ ಬಂದು ಅವಳನ್ನು ಮರಳಿನ ಮೇಲೆ ಇಳಿಸಿದ. ಅಷ್ಟಕ್ಕೇ ನಾನು ಅವನನ್ನು ಕ್ಷಮಿಸಲಿಲ್ಲ. ಸ್ಟವ್ ಹಚ್ಚಿ ಟೀಗೆ ನೀರಿಟ್ಟು, ಸಮುದ್ರಕ್ಕೆ ಬೆನ್ನು ಹಾಕದೆ ಅಡ್ಡಕ್ಕೆ ನಿಂತು, ಅವನಿಗೆ ಬೈಯಲು ಶುರುಮಾಡಿದೆ.