ಹುಡುಗನ ಕೈಯಲ್ಲಿ ಉಳಿದ ಕೊಡೆ

ಐವತ್ತರ ದಶಕದಲ್ಲಿ ಸಿನಿಮಾ ರೀಲಿನ ಪೆಟ್ಟಿಗೆಯ ಜೊತೆ ಊರೂರಿಗೆ ಹೋಗಿ, ಪರದೆಯ ಪಕ್ಕ ನಿಂತು ಕಥೆ ಹೇಳುವುದು ನನ್ನ ಕೆಲಸ. ಕೊಯಮತ್ತೂರಿನ ಕಡೆಯ ಧಾರಾಪುರದ ಟೆಂಟಿಗೆ ಒಮ್ಮೆ ಇಟಲಿಯ ಪ್ರೇಮಕಥೆ ಬಂತು. ಕೊನೆಗೆ ಹುಡುಗಿ ಜಗಳವಾಡಿ ಬಸ್ಸು ಹತ್ತಿ, ಕಿಟಕಿಯಿಂದ ಏನೋ ಕೂಗುತ್ತಾಳೆ. ಹುಡುಗ ಕೊಡೆ ಹಿಡಿದು ನಿಂತಿರುತ್ತಾನೆ. ಆ ಭಾಷೆ ನನಗೂ ಬಾರದು. "ಬಿಟ್ಟುಹೋದಳು, ದೇವರು ಇಬ್ಬರನ್ನೂ ಕಾಯಲಿ" ಎಂದು ಮುಗಿಸಿದೆ.

ಮರುದಿನ ಬೆಳಗ್ಗೆ ಅಲ್ಲಿನ ಕನ್ನಡ ಮಾತಾಡುವ ನೇಯ್ಗೆಯವರ ಮನೆಯ ಒಬ್ಬ ತಾಯಿ ಬಂದು ನನ್ನನ್ನು ಹಿಡಿದುಕೊಂಡರು. "ಏನಪ್ಪಾ, ಸಣ್ಣ ಮಾತಿಗೆ ಗಂಡನ ಮೇಲೆ ಮುನಿಸಿಕೊಂಡು ಬಂದ ಮಗಳ ಮನಸ್ಸು ತಿರುಗಲಿ ಅಂತ ಸಿನಿಮಾಕ್ಕೆ ಕರ್ಕೊಂಡು ಬಂದ್ರೆ, ಹೀಗಾ ಹೇಳೋದು? ತಾನೂ ಹೋಗಲ್ಲ ಅಂತ ಕೂತಿದಾಳೆ!"

"ಬಸ್ಸು ಹೊರಟೇ ಹೋಯಿತಲ್ಲಮ್ಮಾ?"

"ಅವಳ ಕೊಡೆ ಅವನ ಕೈಯಲ್ಲೇ ಇತ್ತಲ್ಲ! ತಿರುಗಿ ಬರೋಳಲ್ಲದಿದ್ರೆ ಯಾವ ಹೆಂಗಸು ಸಾಮಾನು ಬಿಟ್ಟು ಹೋಗ್ತಾಳೆ? ನನ್ನ ಮಗಳ ಸೀರೆ ಪೆಟ್ಟಿಗೇನೂ ಗಂಡನ ಮನೇಲೇ ಇದೆ."

ನಾನು ನೇಯ್ಗೆಯವರ ಕುಲದೇವಿ ಚೌಡೇಶ್ವರಿಯನ್ನು ನೆನೆದು, ಸಂಜೆಯ ಆಟದಲ್ಲಿ "ಕೊಡೆಗಾಗಿ ನಾಳೆಯೇ ಬರುತ್ತಾಳೆ" ಎಂದೆ. ಆ ತಾಯಿ ಮಗಳನ್ನು ಮತ್ತೆ ಕರೆತಂದು ಕೂತಿದ್ದ ಹೆಂಗಸರ ಕಡೆಯಿಂದ ಕಿಸಕ್ಕೆಂದು ಒಂದು ನಗು ಕೇಳಿತು. ಆ ಶುಕ್ರವಾರವೇ ಮಗಳು ಗಂಡನ ಮನೆಗೆ ಹೊರಟಳು.

ಆಮೇಲೆ ಕೊಯಮತ್ತೂರಿನಲ್ಲಿ ಇಟಲಿಯ ಪಾದ್ರಿಯೊಬ್ಬರು ಅದೇ ಸಿನಿಮಾ ನೋಡಿ, ಬಸ್ಸಿನ ಕಿಟಕಿಯ ಆ ಕೂಗಿನ ಅರ್ಥ ಬಿಡಿಸಿದರು: "ಆ ಕೊಡೆ ನನ್ನದಲ್ಲ!"

ಚೌಡೇಶ್ವರಿಯ ಮುಂದೆ ನಿಂತು ಎಲ್ಲವನ್ನೂ ಒಪ್ಪಿಕೊಂಡು ಕೆನ್ನೆ ಬಡಿದುಕೊಂಡೆ. ಧಾರಾಪುರದಲ್ಲಿ ಮಾತ್ರ ಇಂದಿಗೂ ಬಾಯಿ ಬಿಟ್ಟಿಲ್ಲ.