ಎಂಬತ್ತೆಂಟು ಹುಣಸೆಬೀಜ

ದುರ್ಗಿಗುಡಿಯ ನಮ್ಮ ಬಾಡಿಗೆ ಮನೆಯ ನಡುಮನೆಯಲ್ಲಿ, ಹಳೆಯ ಪಂಚಾಂಗಗಳೂ ಕಡ್ಡಿ ಮುರಿದ ನನ್ನ ಕನ್ನಡಕವೂ ಒಟ್ಟಿಗೆ ಧೂಳು ತಿನ್ನುತ್ತಿರುವ ಗೋಡೆಗೂಡಿನ ಮೂಲೆಯಲ್ಲಿ, ಕೋರಾ ಬಟ್ಟೆಯ ಒಂದು ಪುಟ್ಟ ಚೀಲವಿದೆ. ಒಳಗೆ ಇರುವುದು ಹುಣಸೆಬೀಜ, ಮತ್ತೇನೂ ಅಲ್ಲ. ಮೊನ್ನೆ ಮಧ್ಯಾಹ್ನ ಪಕ್ಕದ ಮನೆಯ ಸೊಸೆ ಚೌಕಾಬಾರ ಆಡಲು ನಾಲ್ಕು ಬೀಜ ಕೇಳಿಕೊಂಡು ಬಂದಾಗ, ನಾನು ಯಾರೋ ಆಸ್ತಿ ಬರೆದುಕೊಡು ಎಂದು ಕೇಳಿದರೇನೋ ಎಂಬಂತೆ "ಇಲ್ಲಮ್ಮ, ಅದು ಆಟದ್ದಲ್ಲ" ಎಂದು ಗದರಿಯೇಬಿಟ್ಟೆ. ಪಾಪ, ಆ ಹೆಣ್ಣುಮಗಳು ಮುಖ ಸಣ್ಣದು ಮಾಡಿಕೊಂಡು ಹೋದಳು. ನಾಲ್ಕು ಹುಣಸೆಬೀಜಕ್ಕೆ ಇಷ್ಟು ಸಿಡುಕುವ ಮುದುಕನ ಬಗ್ಗೆ ಅವಳು ತನ್ನ ಮನೆಯಲ್ಲಿ ಏನು ಹೇಳಿರಬಹುದೆಂದು ಊಹಿಸಬಲ್ಲೆ. ನಿಮಗಾದರೂ ಕಾರಣ ಹೇಳಿಬಿಡುತ್ತೇನೆ, ಸ್ವಲ್ಪ ಕುಳಿತು ಕೇಳಿ.

ನಾನು ಜೀವಮಾನವೆಲ್ಲ ಎಣಿಸಿದವನು. ಕೆಲವರಿಗೆ ಹಾಡುವ ಗಂಟಲು ಬರುತ್ತದೆ, ಕೆಲವರಿಗೆ ಅಡುಗೆಯ ಕೈ ಬರುತ್ತದೆ. ನನಗೆ ಬಂದದ್ದು ಎಣಿಸುವ ಚಾಳಿ. ದೇವಸ್ಥಾನಕ್ಕೆ ಹೋದರೆ ಮೆಟ್ಟಿಲು ಎಣಿಸುತ್ತಿದ್ದೆ, ಮದುವೆಗೆ ಹೋದರೆ ಎಲೆ ಎಣಿಸುತ್ತಿದ್ದೆ. ಶಿವಮೊಗ್ಗೆಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ನನ್ನನ್ನು ಮಲೇರಿಯಾ ಕೆಲಸಕ್ಕೆಂದು ಭದ್ರಾವತಿಗೆ ಹಾಕಿದಾಗ, ಚಳಿಜ್ವರದ ಊರಿಗೆ ಹೋಗುತ್ತಿದ್ದೇನೆಂಬ ಭಯಕ್ಕಿಂತ, ಇನ್ನು ದಿನವೂ ಎಣಿಸಿದ್ದಕ್ಕೆ ಸರ್ಕಾರವೇ ಭೇಷ್ ಅನ್ನುತ್ತದೆಂಬ ಹಿಗ್ಗೇ ಹೆಚ್ಚಾಗಿತ್ತು. ಹೆಂಡತಿ ಗೌರಿಯನ್ನೂ ಐದು ವರ್ಷದ ಮಗಳು ಪುಟ್ಟಿಯನ್ನೂ ಎರಡು ಟ್ರಂಕುಗಳನ್ನೂ ರೈಲಿಗೆ ಹತ್ತಿಸಿಕೊಂಡು ಹೋದೆ. ದಾರಿಯುದ್ದಕ್ಕೂ ಪುಟ್ಟಿ ನನ್ನ ತೊಡೆಯ ಮೇಲೆ ಕುಳಿತು ತಂತಿಕಂಬಗಳನ್ನು ಎಣಿಸಿದಳು. ಹತ್ತೊಂಬತ್ತರ ನಂತರ ಮತ್ತೆ ಹನ್ನೊಂದಕ್ಕೆ ಬರುತ್ತಿದ್ದಳು.

ಅಲ್ಲಿ ಹೊಳೆಯ ಈಚೆ ದಡದಲ್ಲಿ ಕೂಲಿಕಾರರ ಎರಡು ಸಾಲು ಮನೆಗಳಿದ್ದವು, ಮೇಲಿನ ಸಾಲು ಮತ್ತು ಕೆಳಗಿನ ಸಾಲು. ಎರಡರ ನಡುವೆ ಒಂದು ಕೂಗಿನ ದೂರ. ಅದೇ ಜನ, ಅದೇ ಕೆಲಸ, ಅದೇ ಹೊಳೆಯ ನೀರು. ಮೇಲಿನ ಸಾಲಿನ ಸುತ್ತ ನಿಂತ ನೀರಿನ ಮೇಲೆಲ್ಲ ವಾರಕ್ಕೊಮ್ಮೆ ಸೊಳ್ಳೆ ಹುಟ್ಟದಂತೆ ಎಣ್ಣೆ ಹೊಡೆಯುತ್ತಿದ್ದರು; ಕೆಳಗಿನ ಸಾಲಿಗೆ ಎಣ್ಣೆ ಇರಲಿಲ್ಲ. ಒಂದು ವರ್ಷ ಹೀಗೆ ನಡೆಸಿ, ಎರಡು ಸಾಲಿನ ಮಕ್ಕಳನ್ನೂ ಪರೀಕ್ಷಿಸಿ, ಎಣ್ಣೆಯಿಂದ ಉಪಯೋಗವಿದೆಯೆಂದು ಕಂಡರೆ ಕೆಳಗಿನ ಸಾಲಿಗೂ ಹೊಡೆಸುವುದು, ಇಲ್ಲವಾದರೆ ಬಿಡುವುದು ಎಂಬುದು ಮೇಲಧಿಕಾರಿಗಳ ತೀರ್ಮಾನ. ನಮಗೆ ಬಾಡಿಗೆಗೆ ಸಿಕ್ಕಿದ ಮನೆ ಕೆಳಗಿನ ಸಾಲಿನ ಕೊನೆಯದು. ಹಿತ್ತಲಾಚೆಗೇ ಒಂದು ಹೊಂಡವಿತ್ತು.

ಆ ಚಳಿಗಾಲಕ್ಕೇ ಪುಟ್ಟಿಗೆ ಜ್ವರ ಹತ್ತಿತು. ದಿನ ಬಿಟ್ಟು ದಿನ ಬರುವುದು, ಕಂಬಳಿಯ ಮೇಲೆ ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಎನ್ನುವುದು, ಆಮೇಲೆ ಬೆವರಿ ಸುಸ್ತಾಗಿ ಮಲಗುವುದು. ಕ್ವಿನೈನು ನುಂಗಿಸಿದರೆ ನಿಲ್ಲುವುದು, ತಿಂಗಳೊಪ್ಪತ್ತಿಗೆ ಮತ್ತೆ ಬರುವುದು. ಮಲೇರಿಯಾ ಹತ್ತಿದವರಿಗೆ ಗುಲ್ಮ ಊದಿ ಆಗುವ ಜ್ವರಗಡ್ಡೆ ಎಡಪಕ್ಕೆಯ ಕೆಳಗೆ ಬೆಳೆದು ಕೈಗೆ ಸಿಗುವಂತಾಗಿತ್ತು. ಹೊಂಡಕ್ಕೆ ಎಣ್ಣೆ ಬೀಳಲಿ ಎಂದು ನಾನು ಆ ವರ್ಷ ಬೇಡಿಕೊಳ್ಳದ ದೇವರಿಲ್ಲ. ಎಣ್ಣೆ ಬೀಳಬೇಕಾದರೆ ಲೆಕ್ಕದಲ್ಲಿ ಭೇದ ಕಾಣಬೇಕಿತ್ತು, ಆ ಲೆಕ್ಕ ನನ್ನ ಕೈಯಲ್ಲೇ ಇತ್ತು.

ಚೈತ್ರದಲ್ಲಿ ಎಣಿಕೆಯ ದಿನ ಬಂತು. ನಮ್ಮ ಮಲೇರಿಯಾ ಕೆಲಸದ ಡಾಕ್ಟರು ಒಂದೊಂದೇ ಮಗುವನ್ನು ಬೆಂಚಿನ ಮೇಲೆ ಮಲಗಿಸಿ ಪಕ್ಕೆಯ ಕೆಳಗೆ ಬೆರಳೊತ್ತಿ "ಇದೆ", "ಇಲ್ಲ" ಎನ್ನುವುದು, ನಾನು ಬರೆದುಕೊಳ್ಳುವುದು. ಅವತ್ತು ಬೆಳಿಗ್ಗೆ ಪುಟ್ಟಿಯ ಕೈಹಿಡಿದು ಹೊರಡಿಸಿದಾಗ ಗೌರಿ ಬಾಗಿಲಿಗೆ ಅಡ್ಡ ನಿಂತಳು.

"ಅವಳನ್ನ ಕರ್ಕೊಂಡು ಹೋಗ್ಬೇಡಿ."

"ಯಾಕೆ? ಎಣಿಸೋದಷ್ಟೇ. ಚುಚ್ಚೋದಿಲ್ಲ, ಏನಿಲ್ಲ."

"ಅದೇ ಬೇಡ ಅಂದಿದ್ದು. ಮಕ್ಕಳನ್ನ ಎಣಿಸಬಾರ್ದು ಅಂತ ನಿಮಗೆ ಯಾರೂ ಹೇಳ್ಕೊಟ್ಟಿಲ್ವಾ? ಗಟ್ಟಿಮುಟ್ಟಾಗಿರೋದನ್ನ ಎಣಿಸಿದ್ರೂ ಆಯಸ್ಸು ಕಮ್ಮಿ ಅಂತಾರೆ. ಇದು ಹಾಸಿಗೆ ಹಿಡಿದಿರೋ ಕೂಸು. ಕಾಯಿಲೆ ಮಗುವನ್ನ ಲೆಕ್ಕಕ್ಕೆ ಕೊಟ್ರೆ ಯಮನ ಲೆಕ್ಕಕ್ಕೆ ಕೊಟ್ಟ ಹಾಗೆ."

ಹಗಲಿಡೀ ಅಂಕಿಗಳ ನಡುವೆ ಬದುಕುವ ಗಂಡಸು ನಗಬೇಕಿತ್ತು, ಬೈಯಬೇಕಿತ್ತು, ಮಗುವನ್ನು ಎತ್ತಿಕೊಂಡು ಹೋಗಬೇಕಿತ್ತು. ನಾನು ಹಾಗೆ ಮಾಡಲಿಲ್ಲ. ಅವಳ ಕಣ್ಣು ನೋಡಿ ಸೋತೆನೋ, ನನ್ನೊಳಗೂ ಅಜ್ಜಿಯ ಕಾಲದ ಆ ಅಂಜಿಕೆ ಉಳಿದಿತ್ತೋ, ಅಥವಾ ಎಣಿಸುವವನು ತನ್ನ ಮಗುವನ್ನೇ ಸೇರಿಸಿದರೆ ಪಕ್ಷಪಾತವೆಂದಾರು ಎಂಬ ಸಬೂಬು ಆ ಗಳಿಗೆಗೆ ಸಿಕ್ಕಿತೋ, ಈಗ ಹೇಳಲಾರೆ. "ಹೋಗಲಿ ಬಿಡು, ಒಂದು ಮಗುವಿನಿಂದ ಏನಾಗುತ್ತೆ" ಎಂದು ಪುಸ್ತಕ ಕಂಕುಳಲ್ಲಿಟ್ಟುಕೊಂಡು ಒಬ್ಬನೇ ಹೋದೆ.

ಕೆಳಗಿನ ಸಾಲಿನಲ್ಲಿ ನಲವತ್ತು ಮಕ್ಕಳು ಸಿಕ್ಕವು; ಮೇಲಿನ ಸಾಲಿನಲ್ಲೂ ನಲವತ್ತನ್ನೇ ಹಿಡಿದೆವು. ಜ್ವರಗಡ್ಡೆಯಿದ್ದವು ಕೆಳಗೆ ಹದಿನಾರು, ಮೇಲೆ ಹತ್ತು. ಹದಿನಾರೆಲ್ಲಿ, ಹತ್ತೆಲ್ಲಿ! ನಾನು ಗೆದ್ದೆನೆಂದೇ ತಿಳಿದೆ. ಡಾಕ್ಟರು ಅಡ್ಡಡ್ಡ ತಲೆಯಾಡಿಸಿದರು. ಅವರು ತೂಗಿ ಮಾತಾಡುವ ಮನುಷ್ಯ, ಹೊಸ ಪುಸ್ತಕಗಳನ್ನು ತರಿಸಿ ಓದುವವರು. "ಆತುರ ಪಡಬೇಡಿ. ಮೊದಲು ಎರಡು ಸಾಲಿಗೂ ಭೇದವೇ ಇಲ್ಲ ಅಂತ ಇಟ್ಕೊಳ್ಳಿ. ಹಾಗಿದ್ದೂ ಬರೀ ಅದೃಷ್ಟದ ಮೇಲೆ ಇಷ್ಟು ವ್ಯತ್ಯಾಸ ಎಷ್ಟು ಸಲ ಬಂದೀತು ನೋಡಿ. ನೂರಕ್ಕೆ ಐದು ಸಲಕ್ಕಿಂತ ಕಮ್ಮಿ ಬಂದ್ರೆ ಮಾತ್ರ ಎಣ್ಣೆ ಕೆಲಸ ಮಾಡಿದೆ ಅಂತ ನಾನು ರುಜು ಹಾಕ್ತೀನಿ" ಎಂದರು. ಪುಸ್ತಕದ ಸೂತ್ರ ನನ್ನ ತಲೆಗೆ ಹತ್ತದ್ದು ಕಂಡು, ಬೀಜಗಳಿಂದ ಮಾಡುವ ಸುಲಭದ ದಾರಿಯನ್ನೂ ಹೇಳಿಕೊಟ್ಟರು.

ಅವತ್ತು ಹುಟ್ಟಿತು ಈ ಚೀಲ. ಎಂಬತ್ತು ಮಕ್ಕಳಿಗೆ ಎಂಬತ್ತು ಹುಣಸೆಬೀಜ. ಜ್ವರಗಡ್ಡೆಯ ಇಪ್ಪತ್ತಾರು ಮಕ್ಕಳ ಬೀಜಕ್ಕೆ ಎಲೆಯಡಿಕೆ ಡಬ್ಬಿಯ ಸುಣ್ಣದಿಂದ ಒಂದೊಂದು ಬೊಟ್ಟು. ಎಲ್ಲವನ್ನೂ ಚೀಲದಲ್ಲಿ ಕಲೆಸಿ, ನೋಡದೆ ನಲವತ್ತನ್ನು ತೆಗೆದು, ಅದರಲ್ಲಿ ಬೊಟ್ಟಿನವು ಎಷ್ಟೆಂದು ಎಣಿಸುವುದು. ಮತ್ತೆ ಕಲೆಸುವುದು, ಮತ್ತೆ ತೆಗೆಯುವುದು, ಹೀಗೆ ನೂರು ಸಲ. ನನ್ನ ಆಸೆ ಕೈಗೆ ಅಂಟಬಾರದೆಂದು ಬೀಜ ತೆಗೆಯುವ ಕೆಲಸ ಗೌರಿಗೆ ಕೊಟ್ಟೆ. "ಇದೆಂಥಾ ಆಟ ಮಾರಾಯ್ರೇ, ಕಾಯಿ ಇಲ್ಲ, ಮನೆ ಇಲ್ಲ, ಗೆಲ್ಲೋರೂ ಇಲ್ಲ" ಎಂದು ನಗುತ್ತಲೇ ನಾಲ್ಕು ದಿನ ಮಧ್ಯಾಹ್ನ ಕುಳಿತು ತೆಗೆದುಕೊಟ್ಟಳು. ಪುಟ್ಟಿ ಜ್ವರವಿಲ್ಲದ ದಿನಗಳಲ್ಲಿ ಪಕ್ಕದಲ್ಲಿ ಕುಳಿತು ಹತ್ತೊಂಬತ್ತರವರೆಗೆ ನನ್ನೊಡನೆ ಎಣಿಸುತ್ತಿದ್ದಳು. ನೂರರಲ್ಲಿ ಹನ್ನೆರಡು ಸಲ, ಬರೀ ಅದೃಷ್ಟದಿಂದಲೇ, ಹದಿನಾರೋ ಅದಕ್ಕೂ ಹೆಚ್ಚೋ ಬೊಟ್ಟು ಬಂದವು. ಐದಕ್ಕಿಂತ ಕಮ್ಮಿ ಇರಬೇಕಾದ ಜಾಗದಲ್ಲಿ ಹನ್ನೆರಡು.

ನಾನು ಕಳ್ಳನಂತೆ ಇನ್ನೊಂದು ಕೆಲಸ ಮಾಡಿದೆ. ಪುಟ್ಟಿಯ ಹೆಸರಿಗೆ ಬೊಟ್ಟಿಟ್ಟ ಒಂದು ಬೀಜ ಹೆಚ್ಚಿಗೆ ಹಾಕಿ, ಕೆಳಗಿನ ಸಾಲಿನ ಮಕ್ಕಳು ನಲವತ್ತೊಂದೆಂದೂ ಗಡ್ಡೆಯವು ಹದಿನೇಳೆಂದೂ ಹಿಡಿದು, ಮತ್ತೆ ನೂರು ಸಲ ತೆಗೆದು ನೋಡಿದೆ. ಒಂಬತ್ತು ಬಂತು. ಐದಕ್ಕೆ ಇನ್ನೂ ಎಷ್ಟೋ ದೂರ. ಹಾಗಾದರೆ ನನ್ನ ಮಗಳನ್ನು ಬಚ್ಚಿಟ್ಟದ್ದರಿಂದ ಏನೂ ಕೆಡಲಿಲ್ಲ! ಆ ಮಧ್ಯಾಹ್ನ ನನಗಾದ ಸಮಾಧಾನವನ್ನು ನೆನೆದರೆ ಈಗ ಹೇಸಿಗೆಯಾಗುತ್ತದೆ.

ಭೇದ ಸಾಬೀತಾಗಿಲ್ಲವೆಂದು ಡಾಕ್ಟರು ಬರೆದರು. ಭೇದವೇ ಇಲ್ಲವೆಂದು ಮೇಲಧಿಕಾರಿಗಳು ಓದಿಕೊಂಡರು. ನೀವೇ ಹೇಳಿ, ಎರಡೂ ಒಂದೆಯೇ? ಮೊಸರು ಕಡೆದು ಬೆಣ್ಣೆ ಬರಲಿಲ್ಲವೆಂದರೆ ಮೊಸರಿನಲ್ಲಿ ಬೆಣ್ಣೆಯೇ ಇರಲಿಲ್ಲವೆಂದು ಯಾವ ಹೆಂಗಸಾದರೂ ಒಪ್ಪುತ್ತಾಳೆಯೇ? ಕಡೆದದ್ದು ಸಾಲದು ಅನ್ನುತ್ತಾಳೆ. ಇಷ್ಟು ಸಾಮಾನ್ಯ ವಿವೇಕ ನಮ್ಮ ಅಡುಗೆಮನೆಗಳಲ್ಲಿ ಇದೆ, ಕಚೇರಿಗಳಿಗೆ ಅದು ಯಾಕೋ ಕಾಲಿಡುವುದಿಲ್ಲ. ಕೆಳಗಿನ ಸಾಲಿಗೆ ಎಣ್ಣೆ ಬೇಕಾಗಿಲ್ಲವೆಂಬ ಆಜ್ಞೆ ಬಂತು. ಅದರ ನಕಲನ್ನು ಅಂದವಾದ ಅಕ್ಷರದಲ್ಲಿ ಬರೆದವನೂ ನಾನೇ.

ಮಳೆಗಾಲ ಬಂತು, ಹೊಂಡ ತುಂಬಿತು. ಮಳೆ ಹಿಂದೆಗೆದು ಬಿಸಿಲು ಬಿದ್ದ ಮೇಲೆ ಸಂಜೆ ಹೊತ್ತು ಸೊಳ್ಳೆಯ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ಪುಟ್ಟಿಗೆ ಈ ಸಲ ಬಂದ ಜ್ವರ ತಲೆಗೇರಿತು. ಕ್ವಿನೈನು ಗಂಟಲಿನಿಂದ ಇಳಿಯಲಿಲ್ಲ. ಡಾಕ್ಟರು ಎರಡು ದಿನ ಅವಳ ತಲೆದೆಸೆಯಲ್ಲೇ ಕುಳಿತರು. ಮಹಾನವಮಿಯ ಹಿಂದಿನ ದಿನ ಬೆಳಗ್ಗೆ, ನಮ್ಮಿಬ್ಬರಲ್ಲಿ ಯಾರನ್ನೂ ಗುರುತಿಸದೆ, ಅವಳು ಹೋಗಿಬಿಟ್ಟಳು. ಇದನ್ನು ಚೆಂದ ಮಾಡಿ ಬರೆಯಲು ನನಗೆ ಬಾರದು, ಬಂದರೂ ಬರೆಯುವುದಿಲ್ಲ.

ಮರುದಿನದಿಂದ ಸಾಲಿನ ಹೆಂಗಸರು ಬಂದು ಗೌರಿಯ ಪಕ್ಕದಲ್ಲಿ ಕೂರತೊಡಗಿದರು. ನಾನು ಜಗಲಿಯಲ್ಲಿ ಗೋಡೆಗೊರಗಿ ಕುಳಿತಿದ್ದೆ, ಮಾತು ಕಿವಿಗೆ ಬೀಳುತ್ತಿತ್ತು. ಎದುರು ಮನೆಯ ಮುನಿಯಮ್ಮ, ತಮಿಳು ಸೀಮೆಯಿಂದ ಬಂದವಳು, ತನಗೆ ಬಂದಷ್ಟು ಕನ್ನಡದಲ್ಲಿ ಗೌರಿಯನ್ನು ಸಂತೈಸುತ್ತಿದ್ದಳು. "ನೀನು ಏನೂ ತಪ್ಪು ಮಾಡಿಲ್ಲಮ್ಮ. ಲೆಕ್ಕಕ್ಕೂ ಕೊಟ್ಟಿಲ್ಲ, ಆದ್ರೂ ಹೋಯ್ತು, ಏನ್ ಮಾಡೋದು? ನಾನೂ ಕೊಟ್ಟಿಲ್ಲ. ಆ ದಿನ ನಮ್ಮ ಚಿಕ್ಕದನ್ನ ಹಿತ್ತಲಲ್ಲಿ ಕೂರಿಸಿ ಬುಟ್ಟಿ ಮುಚ್ಚಿಬಿಟ್ಟೆ." ಇನ್ನೊಬ್ಬಳು, "ನಮ್ದನ್ನ ಹೊಳೆ ಕಡೆ ಕಳಿಸಿದ್ದೆ ಕಣೇ" ಎಂದಳು. ಮತ್ತೊಬ್ಬಳು ಮಗುವನ್ನು ಅಟ್ಟದ ಮೇಲೆ ಮಲಗಿಸಿದ್ದಳು. ಎಲ್ಲವೂ ಹೊಟ್ಟೆ ಊದಿಕೊಂಡ, ಜ್ವರ ಹತ್ತಿದ ಮಕ್ಕಳೇ. ಗಟ್ಟಿ ಇದ್ದವನ್ನು ಧೈರ್ಯವಾಗಿ ಕಳಿಸಿದ್ದರು, ಕಾಯಿಲೆಯವನ್ನು ಬಚ್ಚಿಟ್ಟಿದ್ದರು. ಮೇಲಿನ ಸಾಲಿನಲ್ಲಿ ವಾರವಾರವೂ ಎಣ್ಣೆಯವರು ಬಂದು ಹೋಗಿ ಬಳಕೆಯಾಗಿದ್ದರು, ಅಲ್ಲಿ ಯಾರೂ ಹೆದರಿರಲಿಲ್ಲ. ನಮ್ಮ ಸಾಲಿಗೆ ಏನನ್ನೂ ಕೊಡದೆ ಎಣಿಸುವುದಕ್ಕೆ ಮಾತ್ರ ಬಂದಿದ್ದೆವು. ಹಾಗೆ ಬಂದವನ ಕೈಗೆ ಯಾವ ತಾಯಿ ಮಗುವನ್ನು ಕೊಟ್ಟಾಳು?

ಮಗಳ ಬೂದಿ ಇನ್ನೂ ಆರಿರಲಿಲ್ಲ, ನನ್ನ ಪಾಪಿ ಮನಸ್ಸು ಗೋಡೆಯ ಈಚೆ ಕುಳಿತು ಎಣಿಸುತ್ತಿತ್ತು. ಒಂದು, ಎರಡು, ಮೂರು. ಮೂರು ದಿನಗಳಲ್ಲಿ ಏಳು ಮನೆಗಳ ಮಾತು ಕೇಳಿದ್ದೆ. ನಮ್ಮದು ಸೇರಿ ಎಂಟು.

ಸೂತಕ ಕಳೆದ ಮೇಲೆ ಚೀಲ ಇಳಿಸಿದೆ. ಮೊದಲಿನ ಎಂಬತ್ತಕ್ಕೆ, ಪುಟ್ಟಿಯದೂ ಸೇರಿದಂತೆ ಬೊಟ್ಟಿಟ್ಟ ಎಂಟು ಬೀಜ ಕೂಡಿಸಿ ಎಂಬತ್ತೆಂಟು ಮಾಡಿದೆ. ಕೆಳಗಿನ ಸಾಲಿಗೆ ನಲವತ್ತೆಂಟು ಮಕ್ಕಳು, ಅದರಲ್ಲಿ ಇಪ್ಪತ್ತನಾಲ್ಕಕ್ಕೆ ಗಡ್ಡೆ. ಗೌರಿ ಎದುರಿಗೆ ಬಂದು ಕುಳಿತು ಮೊದಲಿನಂತೆ ತೆಗೆದುಕೊಟ್ಟಳು. ಈ ಸಲ ಅವಳು ನಗಲಿಲ್ಲ. ಒಂದೊಂದು ಸಲಕ್ಕೆ ನಲವತ್ತೆಂಟರಂತೆ ನೂರು ಸಲ ತೆಗೆದೆವು. ಇಪ್ಪತ್ತನಾಲ್ಕೋ ಹೆಚ್ಚೋ ಬಂದದ್ದು ಎರಡೇ ಸಲ. ಎರಡು! ಚೈತ್ರದಲ್ಲೇ ಈ ಲೆಕ್ಕ ಸಿಕ್ಕಿದ್ದರೆ ಡಾಕ್ಟರು ಕಣ್ಣುಮುಚ್ಚಿ ರುಜು ಹಾಕುತ್ತಿದ್ದರು. ಮುಂಗಾರಿಗೆ ಮೊದಲೇ ಹೊಂಡಕ್ಕೆ ಎಣ್ಣೆ ಬೀಳುತ್ತಿತ್ತು.

ಹನಿಹನಿ ಕೂಡಿದರೆ ಹಳ್ಳ ಎಂಬ ಗಾದೆಯನ್ನು ಮಕ್ಕಳಿಗೆ ಹೇಳಿಕೊಡುತ್ತೇವೆ, ಕೂಡಿಡುವುದು ಒಳ್ಳೆಯದೆಂದು ತಿಳಿಸಲು. ಆ ಗಾದೆಗೆ ಇನ್ನೊಂದು ಮುಖವಿರುವುದನ್ನು ಯಾರೂ ಹೇಳಿಕೊಡುವುದಿಲ್ಲ. ಎಂಟು ಮನೆಗಳಲ್ಲಿ ಎಂಟು ತಾಯಂದಿರು "ನಮ್ಮದೊಂದರಿಂದ ಏನಾಗುತ್ತೆ" ಎಂದುಕೊಂಡರು. ಅವರಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ನಾನು ಬೀಜ ಹಾಕಿ ಪರೀಕ್ಷಿಸಿಯೇ ನೋಡಿದ್ದೆನಲ್ಲ, ಒಂದರಿಂದ ನಿಜಕ್ಕೂ ಏನೂ ಆಗುತ್ತಿರಲಿಲ್ಲ. ಅವರಿಗಾದರೂ ಲೆಕ್ಕ ಗೊತ್ತಿರಲಿಲ್ಲ. ಗೊತ್ತಿದ್ದವನು ನಾನೊಬ್ಬನೇ, ನನ್ನ ಮನೆಯಲ್ಲಿ ಒಂದು ಮಗು ಬಚ್ಚಿಟ್ಟಿದೆಯಾದರೆ ಉಳಿದ ಮನೆಗಳಲ್ಲಿ ಎಷ್ಟಿರಬಹುದೆಂದು ಕೇಳಬೇಕಾದವನೂ ನಾನೇ. ಕೇಳಲಿಲ್ಲ. ಕೇಳಿದರೆ ನನ್ನದನ್ನೂ ಒಪ್ಪಿಕೊಳ್ಳಬೇಕಾಗುತ್ತಿತ್ತು.

ಡಾಕ್ಟರಿಗೆ ಹೇಳಿದೆ. ಅವರು ಅವತ್ತೇ ಮೇಲಧಿಕಾರಿಗಳಿಗೆ ಬರೆದರು. ಹಳೆಯ ಎಣಿಕೆ ಮುಗಿದಿದೆ, ಹೆಂಗಸರ ಬಾಯಿಮಾತನ್ನು ಸೇರಿಸಲಾಗದು ಎಂದು ಉತ್ತರ ಬಂತು. ಎರಡನೆಯ ಮಳೆಗಾಲದಲ್ಲಿ ಮುನಿಯಮ್ಮನ ಚಿಕ್ಕದೂ ಹೋಯಿತು. ಆಮೇಲೆ ನಾನು ಬೇಡಿ ವರ್ಗ ಮಾಡಿಸಿಕೊಂಡು ಶಿವಮೊಗ್ಗೆಗೆ ಹಿಂತಿರುಗಿದೆ. ಹಿಂತಿರುಗುವ ರೈಲಿನಲ್ಲಿ ಕಂಬ ಎಣಿಸಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರೆ. ನನಗೆ ಬುದ್ಧಿ ಮೊದಲೇ ಇತ್ತು, ಅದೇ ನನ್ನನ್ನು ಕೊಲ್ಲುತ್ತಿರುವುದು.

ಮೊನ್ನೆ ಆ ಸೊಸೆಯನ್ನು ಗದರಿಸಿ ಕಳಿಸಿದ ಮೇಲೆ, ಎಷ್ಟೋ ವರ್ಷಗಳ ನಂತರ, ಚೀಲವನ್ನು ಚಾಪೆಯ ಮೇಲೆ ಸುರಿದೆ. ಸುಣ್ಣವೆಲ್ಲ ಉದುರಿಹೋಗಿದೆ. ಈಗ ಯಾವುದು ಕಾಯಿಲೆಯದು, ಯಾವುದು ಗಟ್ಟಿಯದು, ಯಾವ ಸಾಲಿನದು ಎಂದು ಬ್ರಹ್ಮನೂ ಹೇಳಲಾರ. ಹಳೆಯ ಚಾಳಿ, ಎಣಿಸಿದೆ. ಎಂಬತ್ತೇಳು. ಮತ್ತೆ ಎಣಿಸಿದೆ, ಎಂಬತ್ತೇಳೇ. ಚೀಲ ಒಳಮಗ್ಗುಲು ಮಾಡಿ ಕೊಡವಿದೆ, ಚಾಪೆ ಎತ್ತಿದೆ, ಗೋಡೆಗೂಡನ್ನೆಲ್ಲ ತಡವಿದೆ. ಒಲೆಯ ಮುಂದೆ ಕುಳಿತಿದ್ದ ಗೌರಿ ಇತ್ತ ತಿರುಗದೆಯೇ ಹೇಳಿದಳು.

"ಹುಡುಕಬೇಡಿ. ಅದು ನನ್ನ ಹತ್ರ ಇದೆ. ಸೂತಕ ಕಳೆದ ಮೇಲೆ ಆಡಿದ್ವಲ್ಲ, ಆ ಆಟ ಮುಗಿದಾಗ್ಲೇ ತೆಗೆದಿಟ್ಟೆ. ನೀವು ಮತ್ತೆ ಎಣಿಸ್ತೀರಿ ಅಂತ ಗೊತ್ತಿತ್ತು."

ಅದು ಎಲ್ಲಿದೆ, ಕುಂಕುಮದ ಭರಣಿಯಲ್ಲೋ ಸೆರಗಿನ ಗಂಟಿನಲ್ಲೋ ಎಂದು ನಾನು ಕೇಳಲಿಲ್ಲ. ಅಷ್ಟು ಬೀಜಗಳಲ್ಲಿ ಪುಟ್ಟಿಯದು ಇದೇ ಎಂದು ಅವಳಿಗೆ ಹೇಗೆ ತಿಳಿಯಿತೆಂದೂ ಕೇಳಲಿಲ್ಲ. ಎಂಬತ್ತೇಳನ್ನೂ ಚೀಲಕ್ಕೆ ತುಂಬಿ ದಾರ ಬಿಗಿದು ಇದ್ದ ಜಾಗದಲ್ಲೇ ಇಟ್ಟೆ. ಲೆಕ್ಕದಲ್ಲಿ ಒಂದು ಕಡಿಮೆಯಿತ್ತು, ಅದು ನನಗೆ ಗೊತ್ತಿತ್ತು, ಈ ಸಲವೂ ನಾನು ಸುಮ್ಮನಿದ್ದೆ.