‘ಬೇಡ’ ಎಂದರೆ ನಂಬದ ಅನುಮಾನದಕ್ಕ

ಬೆಳಗಿನ ಆರು ಗಂಟೆ. ಮೂರನೇ ಮಹಡಿಯ ಬಾಗಿಲು ಬಡಿದು ಅಕ್ಕ ಕಿವಿಗೊಡುತ್ತಾರೆ. ಕಣ್ಣು ಚಪ್ಪಲಿಗಳ ಮೇಲೆ. “ಎರಡು ಜೊತೆ ಇವೆ. ಮಗಳು ಇನ್ನೂ ಕೆಲಸಕ್ಕೆ ಹೊರಟಿಲ್ಲ.”

ಮರೆವಿನ ಕಾಯಿಲೆಯವರಿಗೆ ನಾಲ್ಕು ಇಲಾಖೆಗಳು ಕೊಡಬೇಕಾದ ಸೇವೆಗಳನ್ನು ಜೋಡಿಸುವ ಗುತ್ತಿಗೆ ನೌಕರೆ ಇವರು. ಕಚೇರಿಯಲ್ಲಿ ಅಡ್ಡಹೆಸರು ಅನುಮಾನದಕ್ಕ. ದಿನಕ್ಕೆ ಒಂಬತ್ತು ಮನೆ, ಐದು ಕಚೇರಿ.

ಬಾಗಿಲು ತೆರೆದವರು ಇಸ್ತ್ರಿ ಅಂಗಿ ತೊಟ್ಟ ಹಳೆಯ ದರ್ಜಿ. “ನನಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ. ಏನೂ ಬೇಡಮ್ಮ.” ಅಕ್ಕನ ಬಗ್ಗೆ ಪತ್ರಿಕೆಗೆ ಬರೆಯಲು ಜೊತೆಗೆ ಬಂದ ನಾನು ಅದನ್ನೇ ಬರೆದುಕೊಳ್ಳುತ್ತೇನೆ. ನಿಜ ಹೇಳುತ್ತೇನೆ, ನನಗೆ ಅನುಮಾನ ಬಂದದ್ದು ಅಕ್ಕನ ಮೇಲೆ: ಲೆಕ್ಕ ತೋರಿಸಲು ಗಟ್ಟಿಮುಟ್ಟಾದವರನ್ನೂ ರೋಗಿ ಮಾಡುತ್ತಾರೇನೋ.

“ಅಂಗಿ ಇಸ್ತ್ರಿ ಮಾಡಿದ್ದು ಯಾರು ಯಜಮಾನ್ರೇ?”

“ನಮ್ಮಮ್ಮ. ಈಗಷ್ಟೇ ನೀರಿಗೆ ಹೋದ್ಲು.”

ಮಗಳು ಕೈ ಒರೆಸಿಕೊಳ್ಳುತ್ತ ಬರುತ್ತಾರೆ. “ಅಜ್ಜಿ ಹೋಗಿ ನಲವತ್ತು ವರ್ಷ ಆಯ್ತು. ಮೊನ್ನೆ ಅಪ್ಪ ಗ್ಯಾಸ್ ತಿರುಗಿಸಿ ಹಚ್ಚೋದೇ ಮರೆತ್ರು. ಹಗಲು ಹೊತ್ತು ನೋಡ್ಕೊಳ್ಳೋ ಕೇಂದ್ರದಲ್ಲಿ ಅಪ್ಪನ ಜಾಗ ಹೋದ್ರೆ ಇವರನ್ನ ಒಳಗಿಟ್ಟು ಬೀಗ ಹಾಕ್ಕೊಂಡು ಹೋಗ್ಬೇಕು ಅಕ್ಕ.”

ಹೋದ ವಾರ ಬಂದ ಇಲಾಖೆಯ ಸಿಬ್ಬಂದಿ ದರ್ಜಿಯನ್ನಷ್ಟೇ ಕೇಳಿ, ‘ಸೇವೆ ನಿರಾಕರಿಸಿದ್ದಾರೆ’ ಎಂದು ಬರೆದು ಹೋಗಿದ್ದಾರೆ. ಇಂದು ಹನ್ನೊಂದರೊಳಗೆ ತಿದ್ದಿಸದಿದ್ದರೆ ಜಾಗ ಬೇರೆಯವರ ಪಾಲು. ಮೂರು ತಿಂಗಳಲ್ಲಿ ಇಂಥ ನಲವತ್ಮೂರು ನಿರಾಕರಣೆಗಳನ್ನು ಅಕ್ಕ ಮತ್ತೆ ವಿಚಾರಿಸಿದ್ದಾರೆ. ನಿಜವಾಗಿ ಬೇಡ ಎಂದವರು ಐವರು.

ಕಚೇರಿಯಲ್ಲಿ ಆರೋಗ್ಯ ಇಲಾಖೆಯವರು ಕಲ್ಯಾಣ ಇಲಾಖೆಯವರತ್ತ ಬೆರಳು ತೋರಿಸುತ್ತಾರೆ, ಕಲ್ಯಾಣದವರು ಆರೋಗ್ಯದವರತ್ತ. ಎತ್ತು ಏರಿಗೆ, ಕೋಣ ನೀರಿಗೆ. ಆದರೂ ಅಧಿಕಾರಿ ತಲೆ ಎತ್ತದೆ ಹೇಳುತ್ತಾರೆ: “ಇಲಾಖೆಗಳ ನಡುವೆ ಪೂರ್ಣ ಸಮನ್ವಯ ಇದೆ.”

“ಇದೆ ಸಾರ್. ನನ್ನ ಎರಡು ಕಾಲೇ ಅದು,” ಎನ್ನುತ್ತಾರೆ ಅಕ್ಕ.

ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಸಹಿ ಬೀಳುತ್ತದೆ. ಮೊಹರು ಸರಿಯಾಗಿ ಮೂಡಿದೆಯೇ ಎಂದು ಅಕ್ಕ ಕಾಗದವನ್ನು ಬೆಳಕಿಗೆ ಹಿಡಿದು ನೋಡುತ್ತಾರೆ.

ಇಷ್ಟೊಂದು ಅನುಮಾನ ಯಾಕೆ? ಮೆಟ್ಟಿಲ ಮೇಲೆ ಕೂತು ಹೇಳುತ್ತಾರೆ: “ನಮ್ಮಮ್ಮನೂ ನಗ್ತಾ ನಗ್ತಾ ‘ಬೇಡ’ ಅಂದಿದ್ರು. ಬಂದೋರು ಬರ್ಕೊಂಡು ಹೋದ್ರು. ಮೂರನೇ ದಿನ ಅಮ್ಮ ಯಾವುದೋ ಬಸ್ ಹತ್ತಿದ್ರು. ಇವತ್ತಿನವರೆಗೂ ಬಂದಿಲ್ಲ.”

ನಿಮ್ಮ ಆಸೆಯೇನು ಎಂದು ಕೇಳಿದರೆ ನನ್ನ ಪುಸ್ತಕಕ್ಕೇ ಕೈ ಚಾಚುತ್ತಾರೆ. “ಏನ್ ಬರ್ದಿದ್ದೀರಿ, ತೋರಿಸಿ.” ಮೊದಲ ಪುಟದಲ್ಲಿ ನನ್ನದೇ ಅಕ್ಷರ: ‘ದರ್ಜಿ ಆರೋಗ್ಯವಾಗಿದ್ದಾರೆ. ಏನೂ ಬೇಡವಂತೆ.’

“ನೋಡಿ, ನೀವೂ ಬರ್ದುಬಿಟ್ರಿ,” ಎಂದವರೇ ಪೆನ್ನು ಕಿತ್ತುಕೊಂಡು ಕೆಳಗೆ ಸೇರಿಸುತ್ತಾರೆ: ‘ಮಗಳನ್ನೂ ಕೇಳಿ.’